ಬಾತ್‌ಟಬ್ಬು ಮತ್ತು ನಾಲ್ಕನೆಯ ವಿಷಲ್

ಆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಏಳು ನಿಮಿಷಕ್ಕೆ ನಮ್ಮ ಮನೆಯ ಕುಕ್ಕರ್ ಮೂರನೆಯ ವಿಷಲ್ ಹೊಡೆಯಿತು. ಬಚ್ಚಲಿನಿಂದ ನನ್ನನ್ನು ಯಾರೂ ಗದರಲಿಲ್ಲ. ಕೇಳಿದವರಿಗೆಲ್ಲ ಅನಾಹುತ ಶುರುವಾದದ್ದು ಅಲ್ಲಿಂದ ಎಂದೇ ಹೇಳುತ್ತೇನೆ. ಆದರೆ ಅದು ಶುರುವಾದದ್ದು ಅದಕ್ಕೂ ಆರು ತಿಂಗಳು ಮೊದಲು, ನನ್ನ ಗ್ರಾಫ್ ಹಾಳೆಯ ಮೇಲೆ.

ನನ್ನ ಹೆಂಡತಿ ಸುಮಂಗಲ ಸ್ನಾನ ಮಾಡುತ್ತಲೇ ಸಂಸಾರ ನಡೆಸುವವಳು. ಮದುವೆಯಾದಂದಿನಿಂದ ನಾನು ಮುಚ್ಚಿದ ಬಾಗಿಲಿನಾಚೆಯಿಂದ ಅಪ್ಪಣೆ ಪಡೆಯುತ್ತಾ ಬಂದಿದ್ದೇನೆ. "ಹಾಲು ನೋಡ್ರೀ", "ಹೂವಿನೋಳು ಬಂದ್ಲು, ಎರಡು ಮೊಳ ಸಾಕು ಅನ್ನಿ". ಭಾನುವಾರ ಎಣ್ಣೆ ಸ್ನಾನ. ಅಂದು ಅಪ್ಪಣೆಗಳೂ ಹೆಚ್ಚು. ಕುಕ್ಕರ್ ಕೂಗಿದ್ದನ್ನು ಅವಳು ಒಳಗಿನಿಂದಲೇ ಎಣಿಸಿ, ಮೂರಾದ ಕೂಡಲೇ "ಆರಿಸ್ರೀ!" ಎನ್ನುತ್ತಾಳೆ, ನಾನು ಎದ್ದು ಆರಿಸುತ್ತೇನೆ. ಎಣಿಸುವ ಕೆಲಸ ನನಗೆ ಯಾವತ್ತೂ ಬಿದ್ದಿರಲಿಲ್ಲ.

ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಕಲಿಸಿದವನು ನಾನು. ನಿವೃತ್ತನಾದ ಮೇಲೆ ಗೆರೆ ಎಳೆಯಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಬಂಧುಗಳ ಮದುವೆಯೊಂದರಲ್ಲಿ ನಮಗೆ ಕೊಟ್ಟ ಹೋಟೆಲ್ ಕೋಣೆಯಲ್ಲಿ ಬಾತ್‌ಟಬ್ ಇತ್ತು. ಬಿಸಿನೀರು ತುಂಬಿಸಿಕೊಂಡು ಮಲಗಿದವನು ಬೆರಳೆಲ್ಲ ಒಣದ್ರಾಕ್ಷಿಯಾಗುವವರೆಗೆ ಏಳಲಿಲ್ಲ. ಧಾರೆಯೂ ತಪ್ಪಿತು. ಊರಿಗೆ ಬಂದವನೇ ಗೋಕುಲಂ ಬಡಾವಣೆಯ ನಮ್ಮ ಮನೆಯ ಬಚ್ಚಲಿಗೆ ಪಕ್ಕದ ಹಳೆಯ ಸೌದೆ ಕೋಣೆಯನ್ನು ಸೇರಿಸಿ ಎಂಟಡಿಗೆ ಹತ್ತಡಿ ಜಾಗ ಮಾಡಿ, ಏಳು ನಕ್ಷೆ ಬರೆದೆ. ಏಳರಲ್ಲೂ ಟಬ್ ಕಿಟಕಿಯ ಕೆಳಗೆ. ಎದುರಿಗೆ ಗೋಡೆಯಿಲ್ಲದ, ಪರದೆಯಿಲ್ಲದ ತೆರೆದ ಷವರ್.

ಸುಮಂಗಲ ಕನ್ನಡಕ ಹಾಕಿಕೊಂಡು ನಕ್ಷೆ ನೋಡಿದಳು. "ಗೋಡೆ ಇಲ್ಲ, ಪರದೆ ಇಲ್ಲ, ನೀರು ನೆಲದ ಮೇಲೆ ಹರಿಯತ್ತೆ. ಇದು ನಮ್ಮ ಹಳೇ ಬಚ್ಚಲೇ ಅಲ್ವೇನ್ರೀ?"

ನಾನು ನೆಲದ ಇಳಿಜಾರಿನ ಕೋನದ ಬಗ್ಗೆ ಪಾಠ ಮಾಡಿದೆ.

ಕಿಟಕಿಯದು ಬೇರೆ ಕಥೆ. ಪಕ್ಕದ ಮನೆಯ ತಾರಸಿಯಲ್ಲಿ ಯೋಗ ಕಲಿಯಲು ಬಂದ ವಿದೇಶೀಯರು ಬೆಳಿಗ್ಗೆ ಸಾಲಾಗಿ ಶೀರ್ಷಾಸನ ಹಾಕುತ್ತಾರೆ. ಅವರಲ್ಲೊಬ್ಬ ವಿಪರೀತ ಉದ್ದದ ಮನುಷ್ಯ. ಅವನು ತಾರಸಿಯ ಅಂಚಿನಲ್ಲೇ ತಲೆಯೂರುವುದರಿಂದ ಅವನ ನೋಟ ನೇರ ನಮ್ಮ ಕಿಟಕಿಗೇ ಇಳಿಯುತ್ತದೆಂದು ನನ್ನ ಅಳತೆ ಹೇಳಿತು.

"ಅವರು ಕಣ್ಣು ಮುಚ್ಕೊಂಡಿರ್ತಾರೆ ಕಣ್ರೀ," ಎಂದಳು ಇವಳು.

"ತಲೆಕೆಳಗಾದವನ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಯಾರು ಹೇಳಬಲ್ಲರು?" ಎಂದು ಕಿಟಕಿಗೆ ಗಾಜಿನ ಇಟ್ಟಿಗೆ ಕಟ್ಟಿಸಿದೆ. ಬೆಳಕು ಬರುತ್ತದೆ, ದೃಷ್ಟಿ ಬರುವುದಿಲ್ಲ. ಗಾಳಿಯ ವಿಷಯ ಗ್ರಾಫ್ ಹಾಳೆಯಲ್ಲಿ ಕಾಣುವುದಿಲ್ಲ.

ಕಂಡದ್ದು ಗಾರೆ ಕೆಲಸದ ಮಾದಪ್ಪನಿಗೆ. ಟಬ್ ತುಂಬಲು ಕರೆಂಟಿನ ಗೀಸರ್ ಸಾಲದೆಂದು ನಾನು ಗ್ಯಾಸ್ ಗೀಸರನ್ನು ಒಳಗೇ ಹಾಕಿಸುವಾಗ ಅವನು ಕರಣೆ ಕೆಳಗಿಟ್ಟ. "ಸಾ, ಒಳಗೆ ಗ್ಯಾಸ್ ಉರೀತದೆ, ಕಿಟ್ಕಿ ಮುಚ್ಬುಟ್ರಿ. ಉಸ್ರು ಎಲ್ಲಿಂದ ಬತ್ತದೆ?"

"ಬಾಗಿಲ ಕೆಳಗೆ ಸಂದಿ ಇದೆಯಲ್ಲಪ್ಪ," ಎಂದೆ, ಬೆಂಚಿನ ಮೇಲೆ ನಿಂತ ಹುಡುಗನಿಗೆ ಹೇಳುವಂತೆ. ಎರಡೇ ವಾರಕ್ಕೆ, ತೆರೆದ ಷವರಿನ ನೀರು ಆ ಸಂದಿಯಿಂದ ಹಜಾರಕ್ಕೆ ಹರಿದು ಬಂದಾಗ, ನಾನೇ ಮಂಡಿಯೂರಿ ಕೂತು ಸಂದಿಗೆ ರಬ್ಬರ್ ಪಟ್ಟಿ ಬಡಿದೆ. ನನ್ನ ಕೋನ ತಪ್ಪಿತ್ತೆಂದು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ಮಾದಪ್ಪನ ಮೇಲೆ ನನಗಿದ್ದ ದೂರು ಒಂದೇ: ಒಳಚಿಲಕಕ್ಕೆ ಎರಡೇ ಸಣ್ಣ ತಿರುಪು ಹಾಕಿ ಕೈತೊಳೆದುಕೊಂಡಿದ್ದ. ಅದಕ್ಕಾಗಿ ಅವನನ್ನು ಚೆನ್ನಾಗಿ ಬೈದಿದ್ದೆ.

ಆ ಭಾನುವಾರ ಸುಮಂಗಲ ಮೈತುಂಬ ಎಳ್ಳೆಣ್ಣೆ ಹಚ್ಚಿಕೊಂಡು, ನನ್ನ ಒತ್ತಾಯಕ್ಕೇ ಮೊದಲ ಸಲ ಟಬ್ಬಿಗಿಳಿದಳು. "ಎಮ್ಮೆ ಥರ ಬಿದ್ಕೋಬೇಕಾ?" ಎಂದು ಕೇಳಿಯೇ ಚಿಲಕ ಹಾಕಿಕೊಂಡಳು. ಗೀಸರ್ ಭರ್ರೆಂದು ಉರಿಯುತ್ತಿತ್ತು. ನಾನು ಪೇಪರ್ ಹಿಡಿದು ಕೂತೆ. ಮೊದಲ ವಿಷಲ್. ಎರಡನೆಯದು. ಮೂರು. ಒಳಗಿನಿಂದ ಸದ್ದಿಲ್ಲ.

ಇದನ್ನು ಬರೆಯಬೇಕೆಂದೇ ಇಷ್ಟು ಸುತ್ತಿ ಬಂದಿದ್ದೇನೆ: ನನಗೆ ಖುಷಿಯಾಯಿತು. ಟಬ್ಬಿನ ಸುಖ ಕೊನೆಗೂ ಅವಳ ಬಾಯಿ ಮುಚ್ಚಿಸಿತು, ನನ್ನ ನಕ್ಷೆ ಗೆದ್ದಿತು ಎಂದುಕೊಂಡು ಪೇಪರಿನ ಪುಟ ಮಗುಚಿದೆ. ಅಪ್ಪಣೆ ಬಾರದ್ದರಿಂದ ಒಲೆಯನ್ನೂ ಆರಿಸಲಿಲ್ಲ. ಮೂರು ನಿಮಿಷ ಆ ಮೌನವನ್ನು ಅನುಭವಿಸಿದೆ. ಆಮೇಲೆ ನಾಲ್ಕನೆಯ ವಿಷಲ್ ಆಯಿತು. ನಮ್ಮ ಮನೆಯಲ್ಲಿ ಕುಕ್ಕರ್ ನಾಲ್ಕನೆಯ ಸಲ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸುಮಾ?" ಎಂದೆ. "ಸುಮಾ, ಆರಿಸಲಾ?"

ಉತ್ತರವಿಲ್ಲ. ಬಾಗಿಲಿಗೆ ಭುಜ ಕೊಟ್ಟು ನೂಕಿದೆ. ಒಂದೇ ನೂಕಿಗೆ ಎರಡು ಸಣ್ಣ ತಿರುಪುಗಳೂ ಕಿತ್ತು ಬಂದವು.

ಅವಳ ತಲೆ ಒಂದು ಕಡೆ ವಾಲಿತ್ತು, ಗಲ್ಲ ನೀರಿಗೆ ತಾಕುತ್ತಿತ್ತು. ಗೀಸರ್ ನಿಲ್ಲಿಸಿ, ಟಬ್ಬಿನ ಬಿರಡೆ ಕಿತ್ತು, ಎತ್ತಲು ಹೋದರೆ ಮೈಯೆಲ್ಲ ಎಣ್ಣೆ. ಹಿಡಿದ ತೋಳು ಜಾರುತ್ತದೆ, ಮತ್ತೆ ಹಿಡಿದರೆ ಮತ್ತೆ ಜಾರುತ್ತದೆ. ಈಗಲೂ ಸೋಪು ಕೈಯಿಂದ ಜಾರಿದರೆ ಬಚ್ಚಲಿನಿಂದಲೇ ಅವಳನ್ನು ಕೂಗಿ ಕರೆಯುತ್ತೇನೆ. ನಾನು ಕೂಗಿದ್ದಕ್ಕೆ ಕಾಂಪೌಂಡ್ ಹಾರಿ ಬಂದವನು ಆ ಉದ್ದದ ಮನುಷ್ಯ. ನಾನು ಅವಳ ಮೇಲೆ ಹೊದಿಸಿದ ದುಪ್ಪಟಿಯನ್ನು ಸುತ್ತಿ, ಬೇರೆಡೆ ನೋಡುತ್ತಲೇ, ಅವಳನ್ನು ಎತ್ತಿ ವರಾಂಡದ ಗಾಳಿಗೆ ತಂದು ಮಲಗಿಸಿದ. ನಾನು ಇಟ್ಟಿಗೆ ಕಟ್ಟಿಸಿದ್ದು ಇವನ ಕಣ್ಣಿಗೆ ಹೆದರಿ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಹುಟ್ಟುವ ವಿಷಗಾಳಿಯ ಬಗ್ಗೆ ಹೇಳಿದರು. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತೆ ಬರುತ್ತದೆ. "ಇನ್ನೊಂದು ಐದು ನಿಮಿಷ ನೀವು..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ವಾಕ್ಯವನ್ನು ಅಂದಿನಿಂದ ನಾನೇ ಪೂರ್ತಿ ಮಾಡುತ್ತಿದ್ದೇನೆ, ದಿನಕ್ಕೆ ಹತ್ತು ಸಲ. ಆಮ್ಲಜನಕದ ಮುಖವಾಡ ತೆಗೆದಾಗ ಸುಮಂಗಲ ಆಡಿದ ಮೊದಲ ಮಾತು: "ಕುಕ್ಕರ್ ಆರಿಸಿದ್ರಾ?"

ಮನೆಗೆ ಬಂದ ಮೇಲೆ ಇಬ್ಬರಿಗೂ ನಿದ್ದೆ ಹಾರಿಹೋಯಿತು. ನಾನು ಗಳಿಗೆಗೊಮ್ಮೆ "ಸುಮಾ, ಏನಾದ್ರೂ ಅನ್ನು" ಎನ್ನುವುದು, ಅವಳು "ಇದ್ದೀನಿ, ಮಲಗ್ರೀ" ಎನ್ನುವುದು. ಇದು ಒಂದೂವರೆ ತಿಂಗಳು ನಡೆಯಿತು. ಅಷ್ಟು ದಿನವೂ ಅವಳು ಹಿತ್ತಲ ಸಣ್ಣ ಬಚ್ಚಲಲ್ಲಿ, ಬಾಗಿಲು ಓರೆ ಮಾಡಿ, ಒಂದೂ ಮಾತಿಲ್ಲದೆ ಎರಡು ತಂಬಿಗೆ ಸುರಿದುಕೊಂಡು ಬರುತ್ತಿದ್ದಳು.

ಮಾದಪ್ಪ ಬಂದು ಗಾಜಿನ ಇಟ್ಟಿಗೆ ಒಡೆದ, ಗೀಸರನ್ನು ಹೊರಗೋಡೆಗೆ ಹಾಕಿಸಿದ, ರಬ್ಬರ್ ಪಟ್ಟಿಯನ್ನು ಕಾಲಲ್ಲೇ ಕಿತ್ತೆಸೆದ. ಅವನ ಬುದ್ಧಿಮಾತು ಕೇಳದೆ ಹೆಂಡತಿಯನ್ನು ಕಳೆದುಕೊಳ್ಳುತ್ತಿದ್ದೆ, ಅವನ ಸೋಮಾರಿತನದಿಂದ ಉಳಿಸಿಕೊಂಡೆ. ಇಂಥವನ ಮುಂದೆ ಏನು ಹೇಳುವುದು? ಕೊನೆಗೆ ಚಿಲಕ ಕೈಯಲ್ಲಿ ಹಿಡಿದು ಕೇಳಿದ: "ಈಗ್ಲಾದ್ರೂ ದಪ್ಪ ತಿರುಪು ಆಕ್ಲಾ ಸಾ?"

"ಅದೇ ಎರಡು ಹಾಕಪ್ಪ," ಎಂದೆ. "ಆದರೆ ಸಡಿಲವಾಗಿ."

ಮುಂದಿನ ಭಾನುವಾರ ಸುಮಂಗಲ ಆ ಬಚ್ಚಲಿಗೆ ಹೋದಳು. ಟಬ್ಬಿನೊಳಗೆ ಬಕೆಟ್ ಇಟ್ಟುಕೊಂಡು, ಪಕ್ಕದಲ್ಲಿ ಮಣೆ ಹಾಕಿ ಕೂತಳು. ತೆರೆದ ಕಿಟಕಿಯಿಂದ ತಾರಸಿಯವರ ಉಸಿರಾಟದ ಲೆಕ್ಕ ಕೇಳಿಸುತ್ತಿತ್ತು. ನಾನು ಅಡುಗೆಮನೆಯಲ್ಲಿ ಒಲೆಯ ತಿರುಗಣೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಒಂದು. ಎರಡು. ಮೂರು.

"ಆರಿಸ್ರೀ!"

ನಾನು ಆರಿಸಲಿಲ್ಲ.

"ಕಿವಿ ಕೇಳಿಸಲ್ವೇನ್ರೀ? ಆರಿಸಿ ಅಂದೆ!"

ನಾಲ್ಕನೆಯ ವಿಷಲೂ ಆಯಿತು. ಆಗ ಅವಳು ನನ್ನ ಡ್ರಾಯಿಂಗು, ನನ್ನ ಪಾಲಿಟೆಕ್ನಿಕ್ಕು, ನನ್ನ ವಂಶ ಎಲ್ಲವನ್ನೂ ಸೇರಿಸಿ ಬೈಯತೊಡಗಿದಳು. ತಾರಸಿಯಲ್ಲಿ ಉಸಿರಿನ ಲೆಕ್ಕ ತಪ್ಪಿತು. ಐದಕ್ಕೆ ಆರಿಸಿದೆ. ಬೇಳೆ ಕರಗಿ ನೀರಾಗಿತ್ತು. ಅವಳು ಸಾರು ಬಡಿಸುತ್ತಾ ಇನ್ನೊಂದು ಸುತ್ತು ಬೈದಳು. ಆ ಭಾನುವಾರ ರಾತ್ರಿ ನಾನು "ಏನಾದ್ರೂ ಅನ್ನು" ಎನ್ನಲಿಲ್ಲ, ಅವಳು "ಇದ್ದೀನಿ" ಎನ್ನಲಿಲ್ಲ. ಇಬ್ಬರಿಗೂ ಎಚ್ಚರವಾದಾಗ ಬೆಳಗಾಗಿತ್ತು.