ಕಲ್ಲಿನ ಪಂಚರ್ ಹುಡುಕುವ ಮೊಮ್ಮಗಳು

ನನ್ನ ಮೊಮ್ಮಗಳ ಲೆಕ್ಕದಲ್ಲಿ ಕಲ್ಲು ಎಂದರೆ ಗಟ್ಟಿ ವಸ್ತುವೇ ಅಲ್ಲ, ತೂತುಗಳ ಮೂಟೆ! ಕಲ್ಲಿನೊಳಗೆ ನೀರು, ಗಾಳಿ ಹೇಗೆ ಹರಿಯುತ್ತವೆ ಎಂದು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಗೋಪನಕೊಪ್ಪದ ನಮ್ಮ ಮನೆಗೆ ಬಂದರೂ ಸುಮ್ಮನಿರುವ ಪೈಕಿಯವಳಲ್ಲ. ಹೊಸ್ತಿಲು, ಒಳಕಲ್ಲು, ಬಟ್ಟೆ ಒಗೆಯುವ ಕಲ್ಲು, ಎಲ್ಲದರ ಮೇಲೂ ನೀರು ಹನಿಸಿ, ಕುಡಿಯಿತೋ ಇಲ್ಲವೋ ಎಂದು ಕುಕ್ಕರುಗಾಲಲ್ಲಿ ಕೂತು ಕಾಯುತ್ತಾಳೆ. ಬೀಗರು ಬಂದಾಗಲೂ!

"ಆಕಿ ಏನ್ ಕಳಕೊಂಡಾಳ್ರಿ?" ಎಂದು ಅವರು ಕೇಳಿದರೆ ನಾನೇನು ಹೇಳಲಿ?

ಒಮ್ಮೆ ನಾನೇ ಕೇಳಿದೆ: "ತೂತು ಹುಡುಕಿ ಏನ್ ಮಾಡ್ತೀಯವ್ವಾ?"

"ಕಾರ್ಖಾನಿ ಹೊಗ್ಯಾಗಿನ ಕೆಟ್ಟ ಗಾಳಿ ಐತಲ್ಲಜ್ಜಾ, ಅದನ್ನ ನೆಲದಾಳದಾಗ ತೂತಿನ ಕಲ್ಲಿನೊಳಗ ತುಂಬೂದು. ಮ್ಯಾಲೆ ತೂತಿಲ್ಲದ ಕಲ್ಲಿನ ಮುಚ್ಚಳ."

"ಪಂಚರ್ ಆದ್ರ?"

"ಅದನ್ನ ನೋಡಾಕತ್ತೇನಿ!"

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಿಗೂ ವಿಜ್ಞಾನ ತಿಳಿಯಿತು ನೋಡಿ! ಜೀವನವಿಡೀ ಸೈಕಲ್ ಪಂಚರ್ ಹಾಕಿದವನಲ್ಲವೇ ನಾನು? ಅವಳೂ ನನ್ನ ಅಂಗಡಿಯ ನೀರಿನ ಬೋಗುಣಿಯ ಪಕ್ಕವೇ ಬೆಳೆದವಳು. ಮುಳುಗಿಸಿದ ಟ್ಯೂಬಿನಿಂದ ಗುಳ್ಳೆ ಎದ್ದರೆ ಸಾಕು, ತೂತಿನ ಮೇಲೆ ಬೆರಳಿಟ್ಟು, "ಸಿಕ್ತಜ್ಜಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಒಂದು ಸಲ ಮುಖ ಬಾಡಿಸಿಕೊಂಡು ಬಂದಳು. ಕಲ್ಲಿಟ್ಟು ಗಾಳಿ ಒತ್ತುವ ಯಂತ್ರದ ಉಕ್ಕಿನ ಕೊಳವೆ ಎಲ್ಲೋ ಸೋರುತ್ತಿತ್ತಂತೆ. ಎಲ್ಲಿ ಎಂದು ಯಾರಿಗೂ ಸಿಗಲೊಲ್ಲದು. ಆ ವಾರದೊಳಗೆ ಸರಿಯಾಗದಿದ್ದರೆ ಯಂತ್ರ ಬೇರೆಯವರ ಪಾಲು. ಇವಳ ಇಷ್ಟು ವರ್ಷದ ಕೆಲಸ ಅಲ್ಲಿಗೇ ನಿಂತಂತೆ. ಊಟ ಬಿಟ್ಟು ನನ್ನ ಅಂಗಡಿಯಲ್ಲಿ ಕುಳಿತಳು. ನಾನು ಯಾರದೋ ಟ್ಯೂಬನ್ನು ನೀರಿನಲ್ಲಿ ತಿರುಗಿಸುತ್ತಿದ್ದೆ. ಗುಳ್ಳೆ ಎದ್ದಿತು. ಹುಡುಗಿಯೂ ಎದ್ದಳು!

"ಅಜ್ಜಾ, ಈ ಬೋಗುಣಿ ಕೊಡು! ಆ ಕೊಳವೀನೂ ಮುಳುಗಿಸಿ ನೋಡ್ತೇನಿ."

"ಧಾರವಾಡದಾಗ ಬೋಗುಣಿ ಸಿಗೂದಿಲ್ಲೇನ?" ಎಂದಳು ನನ್ನ ಹೆಂಡತಿ.

"ಸಿಗತಾವಜ್ಜಿ. ನನಗ ಇದ ಬೇಕು."

ನೆಗ್ಗಿದ, ತುಕ್ಕು ಹಿಡಿದ ಬೋಗುಣಿಯನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು.

"ಏನ್ ತಂಗಿ, ಇವತ್ತ ಜಳಕಾ ಧಾರವಾಡದಾಗೇನ?" ಅಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು. ಅವಳೂ ನಕ್ಕಳು. ನನಗೆ ಅಷ್ಟೇ ಸಾಕಾಗಿತ್ತು.

ಮರುದಿನ ಎದುರಿನ ಎಸ್‌ಟಿಡಿ ಬೂತಿನವನು, "ಕಾಕಾ, ನಿಮಗ ಫೋನ್ರೀ!" ಎಂದು ಕೂಗಿದ. ಕೈ ಕೂಡ ಒರೆಸದೆ ಓಡಿದೆ. ಆ ಕಡೆಯಿಂದ ಹಲೋ ಇಲ್ಲ, ಏನಿಲ್ಲ. ಒಂದೇ ಕೂಗು:

"ಸಿಕ್ತಜ್ಜಾ!"

ದೊಡ್ಡ ಸಂಶೋಧಕಿಯಂತೆ! ನನಗೆ ಕೇಳಿಸಿದ್ದು ಎರಡು ಜಡೆಯ, ಒದ್ದೆ ಲಂಗದ ಪೋರಿಯ ದನಿ.

"ಯಾಕ ಕಾಕಾ, ಕೆಟ್ಟ ಸುದ್ದಿಯೇನ್ರಿ?" ಎಂದ ಬೂತಿನವನು.

"ಇಲ್ಲೋ ತಮ್ಮಾ, ಪಂಚರ್ ಸಿಕ್ಕೈತಿ," ಎಂದೆ. ನನ್ನ ಕಣ್ಣಿನ ಸೋರಿಕೆ ಮಾತ್ರ ನಿಲ್ಲಲೊಲ್ಲದು.