ಫೋಮ್ ಚಾಪೆಯ ಮೇಲೆ ಗಾದಿಯಣ್ಣನ ತೀರ್ಪು

ನಮ್ಮ ಮನೆಯ ಬಗ್ಗೆ ಅಕ್ಕಪಕ್ಕದವರು ಒಂದು ಮಾತು ಆಡುತ್ತಿದ್ದರು: ‘ಆ ಮನೇಲಿ ಜಗಳಾನೂ ಮೆತ್ತಗೆ ಹಾಸಿ ಕೂರಿಸ್ತಾರೆ.’ ಸುಳ್ಳಲ್ಲ. ನಮ್ಮದು ಗಾದಿ ಹೊಲಿಯುವ ಮನೆತನ. ಅಜ್ಜ ಅರಳೆ ಹಿಂಜಿದ, ಅಪ್ಪ ತುಂಬಿದ, ನಾನು ದಬ್ಬಳ ಹಿಡಿದು ಹೊಲಿಯುತ್ತಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಬೇರೆಯವರಿಗೆ. ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ ಹೊಲಿದುಕೊಡುವವನು ನಾನು. ಬೀದಿಗೆಲ್ಲ ಗಾದಿಯಣ್ಣ.

ಇಂತಪ್ಪ ಗಾದಿಯಣ್ಣನ ಧರ್ಮಪತ್ನಿ ಒಂದು ಬೆಳಿಗ್ಗೆ ಏನಂದಳು ಗೊತ್ತೇ? ವಾಕಿಂಗ್ ಹೆಂಗಸರ ಜೊತೆ ಬೆಟ್ಟ ಹತ್ತಲು ಹೋಗುತ್ತಾಳಂತೆ. ಹೋಗಿ, ಗುಡಾರದೊಳಗೆ, ಬರೀ ನೆಲದ ಮೇಲೆ, ಫೋಮ್ ಚಾಪೆ ಹಾಸಿಕೊಂಡು ಮಲಗುತ್ತಾಳಂತೆ. (ಮಿಠಾಯಿ ಅಂಗಡಿಯವನ ಹೆಂಡತಿ ಪಕ್ಕದ ಬೀದಿಗೆ ಹೋಗಿ ಬೆಲ್ಲ ನೆಕ್ಕಿದ ಹಾಗೆ.)

ಮರ್ಯಾದೆಯ ಮಾತು ಹಾಗಿರಲಿ, ಒಳಗಿನ ಸಂಕಟ ಬೇರೆಯೇ. ಮದುವೆಯಾದಂದಿನಿಂದ ಅವಳು ನಾನು ಹೊಲಿದ ಹಾಸಿಗೆ ಬಿಟ್ಟು ಮಲಗಿದವಳಲ್ಲ. ಈಗ ಬೆರಳು ದಪ್ಪದ ಚಾಪೆಯ ಮೇಲೆ ಹಾಯಾಗಿ ನಿದ್ದೆ ಬಂದು, ಹಾಸಿಗೆಯೂ ಬೇಡ, ಹೊಲಿದವನೂ ಬೇಡ ಅನ್ನಿಸಿಬಿಟ್ಟರೆ? ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಬೆನ್ನುನೋವು, ಶೀತ, ಇರುವೆ, ಚೇಳು ಎಲ್ಲರನ್ನೂ ನನ್ನ ಪರವಾಗಿ ಸಾಕ್ಷಿಗೆ ಕರೆದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಪೇಟೆಗೆ ಹೋಗಿ, ಒಪ್ಪಿಗೆಯಾಗದಿದ್ದರೆ ವಾಪಸ್ ಕೊಡುವ ಕರಾರಿನ ಮೇಲೆ ಮೂರು ಬಗೆಯ ಚಾಪೆ ತಂದು ನನ್ನ ಮುಂದಿಟ್ಟಳು.

“ಮಲಗೋ ವಿಷಯದಲ್ಲಿ ಈ ಮನೇಲಿ ತಿಳಿದವರು ನೀವು. ಮೂರನ್ನೂ ಪರೀಕ್ಷೆ ಮಾಡಿ. ಇದರ ಮೇಲೆ ನಿದ್ದೆ ಬರಲ್ಲ ಅಂತ ನೀವು ಹೇಳಿದ್ರೆ ನಾನು ಹೋಗಲ್ಲ.”

ಕುರಿ ಕಾಯಲು ತೋಳವನ್ನು ಕರೆದು, ಕೈಗೆ ಕೋಲೂ ಕೊಟ್ಟ ಹಾಗಾಯಿತು.

ಸುದ್ದಿ ಬೀದಿಗೆ ಬಿತ್ತು. ಪಕ್ಕದ ಮನೆ ಮೇಷ್ಟ್ರು, ಎದುರು ಮನೆ ಬೇಕರಿಯವನು ಇಬ್ಬರೂ ಓಡಿಬಂದರು. ಅವರ ಹೆಂಡತಿಯರಿಗೂ ಬೆಟ್ಟದ ಹುಚ್ಚು ಹತ್ತಿತ್ತು. ಗಾದಿಯಣ್ಣ ಏನು ಹೇಳುತ್ತಾನೋ ನೋಡೋಣ ಎಂದು ಅವರಿಗೆ ಹೇಳಿ ಇಬ್ಬರೂ ತಪ್ಪಿಸಿಕೊಂಡು ಬಂದಿದ್ದರು. “ಗಂಡಸರ ಮಾನ ನಿನ್ನ ಬೆನ್ನ ಮೇಲಿದೆಯಪ್ಪ,” ಎಂದು ಮೇಷ್ಟ್ರು ಅದೇ ಬೆನ್ನನ್ನು ತಟ್ಟಿ ಹೋದರು.

ಊಟವಾದ ಮೇಲೆ ಅಂಗಡಿಯ ಕಲ್ಲು ನೆಲದ ಮೇಲೆ ಪರೀಕ್ಷೆ ಶುರುವಾಯಿತು. ಬೀದಿ ಬಾಗಿಲು ತೆರೆದೇ ಇಟ್ಟೆ. ನ್ಯಾಯ ಬಹಿರಂಗವಾಗಿ ನಡೆಯಬೇಕಲ್ಲ. ಮೊದಲು ನೀರು ಸುರಿದೆ. ಅರಳೆಯಾಗಿದ್ದರೆ ಬಾಯಾರಿದ ಎತ್ತಿನ ಹಾಗೆ ಹೀರಿಬಿಡುತ್ತಿತ್ತು. ಇವು ಒಂದು ಹನಿಯನ್ನೂ ಒಳಕ್ಕೆ ಬಿಡಲಿಲ್ಲ. ಕನ್ನಡಕ ಏರಿಸಿ ಅಂಚು ನೋಡಿದರೆ, ಒಳಗೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಒಂದರಿಂದ ಒಂದಕ್ಕೆ ದಾರಿಯಿಲ್ಲ. ಪ್ರತಿ ಗುಳ್ಳೆಯೂ ತನ್ನ ಪಾಲಿನ ಗಾಳಿಗೆ ಬೀಗ ಹಾಕಿ ಕೂತಿದೆ. ನೀರು ನುಗ್ಗುವುದೆಲ್ಲಿಂದ? ಮುಳ್ಳು ಚುಚ್ಚಿದರೂ ಗಾಳಿ ಇಳಿಯುವ ಭಯವಿಲ್ಲ. ಒಳ್ಳೆಯ ಕೆಲಸ ಕಂಡರೆ ಕಸುಬುದಾರನ ತಲೆ ತಾನಾಗಿ ಆಡುತ್ತದೆ. ಆಡಿತು. ಹಿಡಿದು ನಿಲ್ಲಿಸಿದೆ.

ಮೊದಲನೆಯದು ತೆಳ್ಳಗಿನ ಸುರುಳಿ. ಹಗುರವೇನೋ ಹೌದು, ಆದರೆ ತಲೆಯ ಕಡೆ ಒತ್ತಿದರೆ ಕಾಲ ಕಡೆ ಏಳುತ್ತದೆ. ಕೊನೆಗೆ ನನ್ನನ್ನೇ ಒಳಗಿಟ್ಟು ಸುತ್ತಿಕೊಳ್ಳಲು ನೋಡಿತು. ಮಗ್ಗುಲಾದರೆ ಸೊಂಟದ ಮೂಳೆ ನೆಲವನ್ನು ಮಾತಾಡಿಸಿತು. ನನಗೆ ಹಬ್ಬ. ಎರಡನೆಯದು ದಪ್ಪ. ಮೂಳೆಗೆ ಸುಖ, ಆದರೆ ಸುತ್ತಿದರೆ ಕಂಬದಷ್ಟು; ಹೊತ್ತವರು ಅದರ ಹಿಂದೆ ಕಾಣುವುದಿಲ್ಲ. ಹಬ್ಬದ ಮೇಲೆ ಹಬ್ಬ. ಮೂರನೆಯದಕ್ಕೆ ಮೈಯೆಲ್ಲ ಮೊಟ್ಟೆ ಟ್ರೇಯ ಹಾಗೆ ಗುಳಿ. ಮಡಿಸಿದರೆ ಒಂದು ಮಡಿಕೆಯ ಉಬ್ಬು ಇನ್ನೊಂದರ ಗುಳಿಯಲ್ಲಿ ಕೂತು ಪುಟ್ಟ ಪೆಟ್ಟಿಗೆಯಷ್ಟಾಗುತ್ತದೆ. ಬಿಡಿಸಿ ಹಾಸಿ, ಅಂಗಿ ಕಳಚಿಟ್ಟು ಮಲಗಿದೆ. ಕಲ್ಲಿನ ತಣುಪು ಮೇಲೆ ಬರಲಿಲ್ಲ; ನನ್ನ ಮೈಯ ಬಿಸಿಯನ್ನೇ ಗುಳಿಗಳಲ್ಲಿ ಕೂಡಿಟ್ಟು ನನಗೇ ವಾಪಸ್ ಕೊಡುತ್ತಿತ್ತು. ಇದರಲ್ಲೂ ಒಂದು ಐಬು ಇರಲೇಬೇಕು. ಐಬು ಹುಡುಕಲು ಏಕಾಗ್ರತೆ ಬೇಕು, ಏಕಾಗ್ರತೆಗೆ ಕಣ್ಣು ಮುಚ್ಚಬೇಕು. ಮುಚ್ಚಿದೆ.

ತೆರೆದಾಗ ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು. ಸುತ್ತ ನನ್ನವಳು, ಮೇಷ್ಟ್ರು, ಬೇಕರಿಯವನು, ಅವರವರ ಹೆಂಡತಿಯರು. ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ ಎಂದು ನನ್ನವಳು ಬಂದವರನ್ನೆಲ್ಲ ಕೂರಿಸಿದ್ದಳಂತೆ. ಗಾದಿ ಹೊಲಿಸಲು ಬಂದ ಗಿರಾಕಿಯೊಬ್ಬ, ಮಾಲೀಕರು ಮಲಗಿರೋದು ಮಾರಾಟಕ್ಕಿದೆಯೇ ಎಂದು ಕೇಳಿ ಹೋದನಂತೆ.

“ನಿದ್ದೆ ಅಲ್ಲ ಕಣೇ, ಯೋಚನೆ ಮಾಡ್ತಿದ್ದೆ,” ಅಂದೆ.

“ನಿಮ್ಮ ಯೋಚನೆ ಬೀದಿ ಕೊನೆವರೆಗೂ ಕೇಳಿಸ್ತು ರೀ.”

ಬೇಕರಿಯವನು ಎದ್ದು ಹೋದ. ಮೇಷ್ಟ್ರು ನನ್ನ ಬರಿ ಬೆನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. ಅವರು ಗಂಡಸರ ಮಾನ ಇಟ್ಟಿದ್ದ ಜಾಗದಲ್ಲಿ ಸಾಲು ಸಾಲಾಗಿ ಗುಳಿಗಳ ಅಚ್ಚು.

ತೀರ್ಪು ಅಂದರೆ ತೀರ್ಪೇ. ಹೋಗಿ ಬಾ ಅಂದೆ. ಹೋಗುವುದೇ ಆದರೆ ಗಾದಿಯಣ್ಣನ ಹೆಂಡತಿಯ ಚಾಪೆ ಅಂಗಡಿಯವರು ಕೊಟ್ಟ ಜುಜುಬಿ ದಾರದಲ್ಲಿ ಜೋತಾಡಬೇಕೇ? ದಬ್ಬಳ ತೆಗೆದು, ದಪ್ಪ ಬಟ್ಟೆಯ ಪಟ್ಟಿಗೆ ಜೋಡಿ ಹೊಲಿಗೆ ಹಾಕಿ, ಅವಳ ಚೀಲಕ್ಕೆ ನಾನೇ ಬಿಗಿದೆ.

ಹೊರಡುವ ದಿನ ಬಂತು, ಅವಳು ಹೊರಟಳು. ಟಾರ್ಚು ಮರೆತೆ ಎಂದು ವಾಪಸ್ ಬಂದಳು. ಮತ್ತೆ ಹೊರಟಳು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳಲು ಬಂದಳು. ಪ್ರತಿ ಸಲವೂ, ಮನಸ್ಸು ಬದಲಾಯಿಸಿದಳೇನೋ ಎಂದು ನಾನು ಬಾಗಿಲವರೆಗೆ ಓಡಿದೆ. ಆಮೇಲೆ ಮೇಷ್ಟ್ರು, ಬೇಕರಿಯವನು ಬಂದು ಮುಖ ಊದಿಸಿಕೊಂಡು ಕೂತರು. ಗಾದಿಯಣ್ಣನೇ ಮಲಗಿ ತೋರಿಸಿದ ಮೇಲೆ ಇನ್ನೇನು ತಕರಾರು ಎಂದು ಅವರ ಹೆಂಡತಿಯರೂ ಆಗಷ್ಟೇ ಚೀಲ ಹೊತ್ತು ಹೊರಬಿದ್ದಿದ್ದರು. ಆದರೂ ಬೇಕರಿಯವನಿಗೆ ಒಂದು ಆಸೆ: ಅವರ ಹತ್ತಿರ ಚಾಪೆಯಿಲ್ಲವಲ್ಲ, ಎಷ್ಟು ದೂರ ಹೋದಾರು?

ಅಷ್ಟರಲ್ಲಿ ನನ್ನವಳು ಮತ್ತೆ ಬಂದಳು. “ರೀ, ಉಳಿದ ಎರಡು ಚಾಪೇಲಿ ಯಾವುದು ಯಾರಿಗೆ ಆಗುತ್ತೆ?”

ಮೇಷ್ಟ್ರು ನನ್ನ ಕಾಲು ತುಳಿದರು. ಬೇಕರಿಯವನು ಕೆಮ್ಮಿದ. ನಾನು ಸುಮ್ಮನಿರಬೇಕಿತ್ತು. ಆದರೆ ಹಾಸಿಗೆ ಕೇಳಿ ಬಂದವರಿಗೆ ತಪ್ಪು ಹಾಸಿಗೆ ಕೊಟ್ಟ ವಂಶ ನಮ್ಮದಲ್ಲ.

“ಮೇಷ್ಟ್ರ ಮನೆಯವರು ಮಗ್ಗುಲಾಗಿ ಮಲಗೋರು, ದಪ್ಪದ್ದು ಕೊಡು, ಸೊಂಟ ಉಳಿಯುತ್ತೆ. ಬೇಕರಿಯಮ್ಮ ಅಂಗಾತ ಮಲಗೋರು, ತೆಳ್ಳಗಿಂದು ಸಾಕು. ಹಾಸೋ ಮುಂಚೆ ಉಲ್ಟಾ ಸುತ್ತಿಡೋಕೆ ಹೇಳು, ಸುರುಳಿ ಬಿಡುತ್ತೆ.” (ಎರಡೂ ಮನೆಯ ಗಾದಿಗಳು ಹಿಂಜಲು ನನ್ನ ಹತ್ತಿರವೇ ಬರುತ್ತವೆ. ತಗ್ಗು ಬಿದ್ದ ಜಾಗ ಸುಳ್ಳು ಹೇಳುವುದಿಲ್ಲ.)

ಎರಡು ಕಂಕುಳಲ್ಲಿ ಎರಡು ಚಾಪೆ ಹಿಡಿದು ಅವಳು ಹೊಸಿಲ ಮೇಲೆ ನಿಂತಳು. ನಾವು ಬರುವವರೆಗೂ ಈ ಇಬ್ಬರಿಗೂ ಊಟ ನಿಮ್ಮ ಕೈಯದೇ, ಅವರ ಮನೆಯವರಿಗೆ ನಾನು ಮಾತು ಕೊಟ್ಟಾಗಿದೆ ಅಂದಳು. ಆಮೇಲೆ ದನಿ ಇಳಿಸಿ, “ಆ ಪಟ್ಟಿ ಯಾರು ಹೊಲಿದದ್ದು ಅಂತ ಎಲ್ಲರೂ ಕೇಳ್ತಿದ್ದಾರೆ ರೀ. ನಮ್ಮವರು ಅಂತ ಹೇಳಿದ್ದೀನಿ,” ಎಂದು ಹೊಸಿಲು ದಾಟಿದಳು.

ಈ ಸಲ ತಿರುಗಿ ಬರಲಿಲ್ಲ. ಬೀದಿಯ ತಿರುವಿನವರೆಗೂ ಅವಳ ಬೆನ್ನನ್ನೇ ನೋಡುತ್ತ ನಿಂತೆ. ಬೀಸುಗಾಲು ಹಾಕಿ ನಡೆದಿದ್ದಳು. ಬೆನ್ನ ಮೇಲಿನ ಚಾಪೆ ಒಂದು ನೂಲೆಳೆಯಷ್ಟೂ ಅಲುಗಲಿಲ್ಲ.