ಸರಕಾರಿ ಗೋಡೆಯಾದ ಕೌದಿ

ಮಗಳ ಕಣ್ಣಿನ ಫೋಟೊ ತೆಗೆಸುವುದು ಮಲ್ಲಾಬಾಯಿಯ ಕೈಯಿಂದ ಆಗದ ಕೆಲಸವೆಂದು ಮೊದಲು ಹೇಳಿದವರು ರಂಗಂಪೇಟೆ ದೃಷ್ಟಿಸೇವಾ ಉಪಕೇಂದ್ರದ ಮೇಲ್ವಿಚಾರಕ ಬಸವಂತ್ರಾಯರು. ಬಾಯಿಮಾತಿನಲ್ಲಲ್ಲ, ಅವಳ ಅರ್ಜಿಯ ಮೇಲೆ ಬರೆದು ಸೀಲು ಹೊಡೆದು ಹೇಳಿದ್ದರು.

ಮಲ್ಲಾಬಾಯಿ ಕೌದಿ ಹೊಲಿದೇ ಮನೆ ಕಟ್ಟಿಸಿದವಳು. ಮಗಳು ನಾಗಲಕ್ಷ್ಮಿಗೆ ಸಿಕಲ್ ಸೆಲ್ ಕಾಯಿಲೆ. ನೆತ್ತರಿನ ಕಣಗಳು ಕುಡಗೋಲಿನಂತೆ ಬಾಗಿ ಕಣ್ಣಿನ ಒಳಪರದೆಯ ಸಣ್ಣ ನಾಳಗಳಲ್ಲಿ ಸಿಕ್ಕಿಬೀಳುತ್ತವೆ, ನೋವೇ ಇಲ್ಲದೆ ಒಂದು ದಿನ ದೃಷ್ಟಿ ಹೋಗಬಹುದು, ಮೊದಲೇ ಒಳಪರದೆಯ ಫೋಟೊ ತೆಗೆದು ನೋಡಿದರೆ ಉಳಿಸಬಹುದು ಎಂದು ಡಾಕ್ಟರು ಹೇಳಿದ್ದರು. ಆ ಫೋಟೊ ಯಂತ್ರ ಉಪಕೇಂದ್ರದಲ್ಲೇ ಇತ್ತು. ಉದ್ಘಾಟನೆಯ ಹಾರ ಹಾಕಿಕೊಂಡು, ಪ್ಲಾಸ್ಟಿಕ್ ಹೊದ್ದು ಕೂತಿತ್ತು.

ಯಂತ್ರಕ್ಕೆ ಕತ್ತಲೆ ಕೋಣೆ ಬೇಕು. ನಿಯಮದ ಪ್ರಕಾರ ಕಿಟಕಿ ಇಲ್ಲದ್ದು ಕೋಣೆಯೇ ಅಲ್ಲ. ಇದ್ದ ಕಿಟಕಿಯ ಕದಗಳನ್ನು ಗಾಳಿ-ಬೆಳಕಿಗೆ ಅಡ್ಡಿಯೆಂದು ಕೀಳಿಸಲಾಗಿತ್ತು. ಒಂದು ಪರದೆ ತರಬಹುದಿತ್ತು. ಆದರೆ ಅಷ್ಟು ಸಣ್ಣ ಬಿಲ್ಲಿನಲ್ಲಿ ಯಾರಿಗೂ ಏನೂ ಉಳಿಯುತ್ತಿರಲಿಲ್ಲ.

"ನನ್ನ ಮಗಳ ಕಣ್ಣ ಹೋದ್ರ ಏನ್ ಮಾಡ್ಲಿರಿ, ಸಾಹೇಬ್ರ?"

"ಹೋದ ಮ್ಯಾಲ ಬಾರವ್ವ. ಅದಕ್ಕ ಬ್ಯಾರೆ ಕೌಂಟರ್ ಐತಿ. ಮಂದಿ ಗರ್ದಿನೂ ಇರಂಗಿಲ್ಲ," ಎಂದರು ಬಸವಂತ್ರಾಯರು.

ಮರುದಿನ ಮಲ್ಲಾಬಾಯಿ ತನ್ನ ಕೌದಿ ಹೊತ್ತು ಬಂದಳು. ಸತ್ತ ಅವ್ವನ ಸೀರೆಗಳನ್ನೆಲ್ಲ ಹಾಕಿ ಹೊಲಿದದ್ದು, ಯಾರು ಕೇಳಿದರೂ ಮಾರದಿದ್ದದ್ದು. ಕಿಟಕಿಗೆ ಬಿಗಿದು ಕಟ್ಟಿದಳು.

"ಯವ್ವಾ, ಖರೇನ ಕತ್ತಲಾತಲ್ರಿ! ಕುಂದರಸ್ರಿ ಮಗಳನ್ನ," ಎಂದಳು ಯಂತ್ರ ನಡೆಸುವ ನುಜ್ಹತ.

ಫೋಟೊದಲ್ಲಿ ಒಳಪರದೆಯ ಅಂಚಿಗೆ ಬೀಸಣಿಕೆಯಂತೆ, ಯಾವಾಗ ಬೇಕಾದರೂ ಒಡೆಯಬಹುದಾದ ಹೊಸ ನಾಳಗಳು ಹರಡಿದ್ದು ಕಂಡಿತು. ಹೊತ್ತಿಗೆ ಸರಿಯಾಗಿ ಲೇಸರ್ ಆಯಿತು, ಕಣ್ಣು ಉಳಿಯಿತು.

ಕೌದಿ ದಕ್ಷಿಣದ ಆ ಕಿಟಕಿಯಲ್ಲೇ ಉಳಿಯಿತು. ಆ ವಾರವೇ ಉಪಕೇಂದ್ರದ ಪ್ರಕಟಣೆ ಬಿತ್ತು: "ಕಿಟಕಿಗೆ ಧಕ್ಕೆಯಾಗದಂತೆ ದಕ್ಷಿಣದ ಗೋಡೆಯನ್ನು ಪೂರ್ಣಗೊಳಿಸಲಾಗಿದೆ. ಸದರಿ ಗೋಡೆಯನ್ನು ಮಡಚುವುದು, ಹೊದೆಯುವುದು ಹಾಗೂ ಹಾಸಿಕೊಂಡು ಮಲಗುವುದನ್ನು ನಿಷೇಧಿಸಿದೆ." ಇಟ್ಟಿಗೆ, ಸಿಮೆಂಟು, ಗೌಂಡಿ ಕೂಲಿಯ ಬಿಲ್ಲು ಪಾಸಾಯಿತು.

ಚಳಿ ಶುರುವಾದಾಗ ಮಲ್ಲಾಬಾಯಿ ಬಂದಳು. "ನನ್ನ ಕೌದಿ ಕೊಡ್ರಿ."

"ಎಲ್ಲಿ ಕೌದಿ? ಅದು ಗೋಡಿ," ಎಂದರು ಬಸವಂತ್ರಾಯರು.

"ಗಾಳಿಗೆ ಹಾರಾಕತ್ತೈತಲ್ರಿ!"

"ಹೊಸಾ ಗೋಡಿ ಐತವ್ವ. ಇನ್ನಾ ಗಟ್ಟಿ ಆಗಿಲ್ಲ."

ಕಿತ್ತೊಯ್ಯಲೆಂದೇ ಅವಳು ಹಗ್ಗಕ್ಕೆ ಕೈ ಹಾಕಿದಳು. ಒಳಗೆ ಕೊಂಕಲ್ ಊರಿನ ಹುಡುಗಿಯೊಬ್ಬಳು ಯಂತ್ರಕ್ಕೆ ಗದ್ದ ಆನಿಸಿ ಕೂತಿದ್ದಳು. ಮಲ್ಲಾಬಾಯಿ ಹಗ್ಗ ಬಿಟ್ಟಳು. ಸೊಂಟದ ಚೀಲದಿಂದ ಸೂಜಿ ತೆಗೆದು, ಗೋಡೆಯ ಬಿಚ್ಚಿದ ಮೂಲೆಗೆ ನಾಲ್ಕು ಹೊಲಿಗೆ ಹಾಕಿ ಬಂದಳು.

ದೀಪಾವಳಿಗೆ ಗೋಡೆಗಳಿಗೆಲ್ಲ ಸುಣ್ಣ ಮಂಜೂರಾಯಿತು. ಕೌದಿಗೂ ಬಳಿದರು. ಕತ್ತಲೆ ಸುಧಾರಿಸಿತೆಂದು ವರದಿ ಹೋಯಿತು.

ಈಗ ಮಲ್ಲಾಬಾಯಿಗೆ ತನ್ನದೆನ್ನಲು ಎರಡು ಕೋಣೆಯ ಮನೆಯಿದೆ, ಒಂದೇ ಏಟಿಗೆ ಸೂಜಿಗೆ ದಾರ ಪೋಣಿಸಿಕೊಡುವ ಮಗಳಿದ್ದಾಳೆ. ಆ ಮಗಳ ಕಣ್ಣಿಗೆ ತೆತ್ತದ್ದು ಅವ್ವನ ಸೀರೆಗಳು. ಅವು ಸುಣ್ಣದ ಕೆಳಗಿವೆ.